ಪತ್ರಾಸ್ ಶೆಡ್ಡಿಗೆ ಇಲಿ, ಹೆಗ್ಗಣ, ಹುಳುಗಳು ನುಗ್ಗದಂತೆ ಮಾಡುವ ಬಗೆ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಈಗ ಹೊಲದ ಬದಿಯಲ್ಲೂ ಮನೆಯ ಹಿತ್ತಲಲ್ಲೂ ಪತ್ರಾಸ್ ಶೆಡ್ಡು ಸಾಮಾನ್ಯವಾಗಿದೆ. ಕಬ್ಬಿಣದ ಚೌಕ ಪೈಪುಗಳ ಚೌಕಟ್ಟು ನಿಲ್ಲಿಸಿ, ಮೇಲೆ ಮತ್ತು ಸುತ್ತ ತಗಡು ಹೊಡೆದರೆ ಕೆಲವೇ ದಿನಗಳಲ್ಲಿ ನೆರಳು ಸಿದ್ಧವಾಗುತ್ತದೆ. ಗೋವಿನಜೋಳದ ಚೀಲ, ಶೇಂಗಾ, ಬಿತ್ತನೆಯ ಕಡಲೆ, ಗೊಬ್ಬರ, ಸಿಂಪಡಣೆಯ ಪಂಪು, ಹನಿ ನೀರಾವರಿಯ ಪೈಪಿನ ಸುರುಳಿ, ತಾಡಪತ್ರಿ, ಬೋರ್‌ವೆಲ್‌ನ ಸ್ಟಾರ್ಟರ್ ಎಲ್ಲವೂ ಅದೇ ನೆರಳಿನಡಿ ಸೇರಿಕೊಳ್ಳುತ್ತವೆ. ತಗಡನ್ನು ಇಲಿ ಕಡಿಯಲಾರದು ಎಂಬ ಧೈರ್ಯದಲ್ಲಿ ಒಳಗಿನ ಸಾಮಾನಿನ ಬಗ್ಗೆ ಯಾರೂ ಹೆಚ್ಚು ಚಿಂತಿಸುವುದಿಲ್ಲ. ಆ ಧೈರ್ಯಕ್ಕೆ ಆಧಾರವಿದೆ. ಆದರೆ ಇಲಿ ತಗಡನ್ನು ಕಡಿದು ಬರಬೇಕಾದ ಪ್ರಮೇಯವೇ ಇಲ್ಲ, ತಗಡು ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಅದು ಸರಾಗವಾಗಿ ಒಳಬರುತ್ತದೆ.

ಅಂಥ ಕೊನೆಗಳು ಎಲ್ಲೆಲ್ಲಿವೆ, ಅವುಗಳಲ್ಲಿ ಯಾವುದನ್ನು ಗಟ್ಟಿಯಾಗಿ ಮುಚ್ಚಬೇಕು, ಯಾವುದನ್ನು ಹಿಗ್ಗಿ ಕುಗ್ಗುವ ವಸ್ತುವಿನಿಂದ ಮುಚ್ಚಬೇಕು, ಯಾವುದನ್ನು ಜಾಲರಿ ಬಡಿದು ಗಾಳಿಗಾಗಿ ತೆರೆದೇ ಇಡಬೇಕು ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಕಂಡ ತೂತಿಗೆಲ್ಲ ಸಿಮೆಂಟು ಮೆತ್ತುವ ರೂಢಿ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸೋಲುವುದು ಈ ವಿಂಗಡಣೆ ಇಲ್ಲದಿರುವುದರಿಂದಲೇ. ಇನ್ನೊಂದು ಮಾತನ್ನೂ ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು: ಇಲಿ ಹೊರಗಿನಿಂದ ಬರುತ್ತದೆ, ಕಾಳಿನ ಹುಳು ಬಹುಪಾಲು ಚೀಲದೊಳಗೇ ಕುಳಿತು ಬರುತ್ತದೆ. ಹಾಗಾಗಿ ಸಂದು ಮುಚ್ಚುವ ಕೆಲಸ ಇಲಿಯ ಮಟ್ಟಿಗೆ ಬಹುತೇಕ ಪೂರ್ಣ ಪರಿಹಾರವಾಗಬಲ್ಲದು. ಹುಳುವಿನ ಮಟ್ಟಿಗೆ ಅದು ಪರಿಹಾರದ ಒಂದು ಭಾಗ ಮಾತ್ರ.

ನಮ್ಮ ಕಡೆಯ ಶೆಡ್ಡುಗಳಿಗೆ ಕಾಟ ಕೊಡುವ ದಂಶಕಗಳು ಮುಖ್ಯವಾಗಿ ಮೂರು. ಮೊದಲನೆಯದು ಚಿಟ್ಟಿಲಿ, ಇದು 6 ಮಿಲಿಮೀಟರಿಗಿಂತ ತುಸು ಅಗಲದ ಸಂದಿನಲ್ಲೂ ನುಸುಳಬಲ್ಲದು. ಎರಡನೆಯದು ಉದ್ದ ಬಾಲದ ಮನೆ ಇಲಿ; ಇದು ಹತ್ತುವುದರಲ್ಲಿ ನಿಪುಣ, ಕೇಬಲ್ಲು, ಪೈಪು, ಮರದ ಟೊಂಗೆ ಹಿಡಿದು ಮಾಡಿನ ಮೇಲಿಂದಲೇ ಬರುತ್ತದೆ, ಮತ್ತು ಇದರ ಮರಿಗಳಿಗೆ 12 ಮಿಲಿಮೀಟರ್ ಸಂದು ಸಾಕು. ಮೂರನೆಯದು ಹೆಗ್ಗಣ, ಇದು ಹತ್ತುವುದಕ್ಕಿಂತ ತೋಡುವುದನ್ನು ನೆಚ್ಚಿಕೊಂಡ ಪ್ರಾಣಿ, ನೆಲದಡಿ ಬಿಲ ಕೊರೆದು ಫರಸಿಯ ಕೆಳಗಿನಿಂದ ಮೇಲೇಳುತ್ತದೆ, ತಿಂದದ್ದು ಸಾಲದೆ ಕಾಳನ್ನು ಬಿಲದಲ್ಲಿ ಕೂಡಿಯೂ ಇಡುತ್ತದೆ. ಶಾಲೆಯ ಮಕ್ಕಳು ಬಳಸುವ ಪೆನ್ಸಿಲ್ಲು ಸುಮಾರು 7 ಮಿಲಿಮೀಟರ್ ದಪ್ಪವಿರುವುದರಿಂದ ಅದನ್ನೇ ಅಳತೆಗೋಲಾಗಿ ಹಿಡಿಯಬಹುದು: ಪೆನ್ಸಿಲ್ಲು ತೂರುವ ಜಾಗದಲ್ಲಿ ಚಿಟ್ಟಿಲಿ ತೂರುತ್ತದೆ.

ಯಾವ ಪ್ರಾಣಿ ಬರುತ್ತಿದೆ ಎಂಬುದನ್ನು ಹಿಕ್ಕೆಯೇ ಹೇಳುತ್ತದೆ. 3ರಿಂದ 6 ಮಿಲಿಮೀಟರ್ ಉದ್ದದ ಸಣ್ಣ ಹಿಕ್ಕೆಗಳಾದರೆ ಚಿಟ್ಟಿಲಿ. ಒಂದು ಸೆಂಟಿಮೀಟರ್ ದಾಟಿದ್ದರೆ ದೊಡ್ಡ ಇಲಿ ಅಥವಾ ಹೆಗ್ಗಣ. ಪದೇ ಪದೇ ಓಡಾಡುವ ದಾರಿಯಲ್ಲಿ, ಅದರಲ್ಲೂ ಪರ್ಲಿನ್ (ಮಾಡಿನ ತಗಡನ್ನು ಹೊರುವ ಅಡ್ಡ ಪೈಪು) ಮತ್ತು ಗೋಡೆ ಕೂಡುವ ಮೂಲೆಗಳಲ್ಲಿ, ಇಲಿಯ ಮೈಯ ಜಿಡ್ಡಿನಿಂದ ಕಪ್ಪು ಕಲೆ ಮೂಡಿರುತ್ತದೆ. ನೆಲದ ಮೇಲೆ ತೆಳ್ಳಗೆ ಬೂದಿ ಉದುರಿಸಿ ಬೆಳಗಾದ ಮೇಲೆ ಹೆಜ್ಜೆ ನೋಡುವ ಹಳೆಯ ಉಪಾಯಕ್ಕೆ ಈಗಲೂ ಸಾಟಿ ಇಲ್ಲ, ಏಕೆಂದರೆ ಅದು ಇಲಿ ಇದೆ ಎಂಬುದರ ಜೊತೆಗೆ ಅದು ಯಾವ ಕಡೆಯಿಂದ ಬರುತ್ತದೆ ಎಂಬುದನ್ನೂ ತೋರಿಸಿಕೊಡುತ್ತದೆ.

ಇಲಿಯ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಕಟ್ಟಿಗೆ, ಪ್ಲಾಸ್ಟಿಕ್ಕು, ಪಿವಿಸಿ ಪೈಪು, ರಬ್ಬರು, ಫೋಮು, ಬಡಕಲು ಗಿಲಾವು ಇವೆಲ್ಲ ಆ ಹಲ್ಲಿಗೆ ಸೋಲುತ್ತವೆ. ಉಕ್ಕಿನ ತಗಡಿನ ನಡುಭಾಗದಲ್ಲಿ ಹಲ್ಲಿಗೆ ಹಿಡಿತವೇ ಸಿಗದಿರುವುದರಿಂದ ಅದು ಉಳಿಯುತ್ತದೆ. ತುಕ್ಕು ತಿಂದು ಹಾಳೆಯಂತಾದ ಅಂಚು ಮಾತ್ರ ಉಕ್ಕೆನ್ನುವ ಹೆಸರನ್ನಷ್ಟೇ ಉಳಿಸಿಕೊಂಡಿರುತ್ತದೆ. ಅದನ್ನು ಇಲಿ ಕೆರೆದು ಅಗಲಿಸುತ್ತದೆ. ಆದ್ದರಿಂದ ಇಲಿ ತಡೆಯುವ ಕೆಲಸದಲ್ಲಿ ತುಕ್ಕು ತಡೆಯುವ ಕೆಲಸವೂ ಅಡಗಿದೆ.

ಸಂದು ಮುಚ್ಚಲು ಯೋಗ್ಯ ಕಾಲ ಹಿಂಗಾರಿ ಸುಗ್ಗಿ ಮುಗಿದು ಮುಂಗಾರು ಬರುವ ನಡುವಿನ ಬೇಸಿಗೆ. ಕಡಲೆ, ಬಿಳಿಜೋಳ ಕೊಯ್ಲಾದ ಮೇಲೆ ಹೊಲ ಬರಿದಾಗಿ, ಅಲ್ಲಿದ್ದ ಇಲಿಗಳು ಮೇವನ್ನು ಹುಡುಕಿಕೊಂಡು ಬಣವೆಗೂ ಶೆಡ್ಡಿಗೂ ಸರಿಯುತ್ತವೆ. ಜೂನ್ ತಿಂಗಳಲ್ಲಿ ಬಿಲಕ್ಕೆ ನೀರು ನುಗ್ಗಿದಾಗ ಉಳಿದವೂ ಅದೇ ದಾರಿ ಹಿಡಿಯುತ್ತವೆ. ಈ ಎರಡು ವಲಸೆಗಳ ನಡುವೆ ಕೆಲಸ ಮುಗಿಸುವುದು ಜಾಣತನ.

ಕೆಲಸ ಬುಡದಿಂದ ಆರಂಭವಾಗಬೇಕು, ಮತ್ತು ಬುಡದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಮಣ್ಣು. ನವಲಗುಂದ, ನರಗುಂದ, ಅಣ್ಣಿಗೇರಿ, ರೋಣದ ಕಡೆಯ ಎರೆ ಭೂಮಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರಲ್ಲಿರುವ ಒಂದು ಬಗೆಯ ಜೇಡಿಯ ಪದರುಗಳ ನಡುವೆ ನೀರು ಹೊಕ್ಕು ಹೊರಡುವುದೇ ಇದಕ್ಕೆ ಕಾರಣ. ಇಂಥ ನೆಲದ ಮೇಲೆ ತೆಳ್ಳನೆಯ ಕಾಂಕ್ರೀಟು ಹಾಸಿ ಶೆಡ್ಡು ನಿಲ್ಲಿಸಿದರೆ ಮಳೆಗಾಲದಲ್ಲಿ ನೆಲ ಒಂದು ಕಡೆ ಏಳುತ್ತದೆ, ಬೇಸಿಗೆಯಲ್ಲಿ ಇನ್ನೊಂದು ಕಡೆ ಕುಸಿಯುತ್ತದೆ. ತಗಡಿನ ಕೆಳ ಅಂಚಿಗೂ ನೆಲಕ್ಕೂ ನಡುವೆ ಎರಡು ಬೆರಳಿನ ಅಂತರ ತಾನಾಗಿ ಹುಟ್ಟುತ್ತದೆ. ಅದಕ್ಕೆ ಪ್ರತಿ ವರ್ಷ ಸಿಮೆಂಟು ತುಂಬುವುದು ಮುಗಿಯದ ಕೆಲಸ. ಬಿರುಕುಗಳೇ ಹೆಗ್ಗಣಕ್ಕೆ ಅರ್ಧ ತೋಡಿಟ್ಟ ಬಿಲಗಳಾಗುವುದರಿಂದ ಎರೆ ಭೂಮಿಯ ಶೆಡ್ಡುಗಳಿಗೆ ಹೆಗ್ಗಣದ ಕಾಟವೂ ಹೆಚ್ಚು.

ಅಲ್ಲಿ ಮಾಡಬೇಕಾದದ್ದು ಶೆಡ್ಡಿನ ಸುತ್ತ ಒಂದು ಗಡಿಯನ್ನು ನಿರ್ಮಿಸುವುದು. ಗೋಡೆಗೆ ಹೊಂದಿಕೊಂಡು ಸುಮಾರು 60 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೋಡಿ, ಎರೆ ಮಣ್ಣನ್ನು ಪೂರ್ತಿ ಹೊರತೆಗೆಯಬೇಕು. ಕಣ್ಣಿನ ಅಳತೆ 6 ಮಿಲಿಮೀಟರ್ ಇರುವ ಸತುವು ಲೇಪಿತ ವೆಲ್ಡ್ ಮೆಶ್ ಜಾಲರಿಯನ್ನು ಗೋಡೆಯ ಬುಡಕ್ಕೆ ಬಿಗಿದು, ನೇರ ಕೆಳಗಿಳಿಸಿ, ತಳದಲ್ಲಿ ಹೊರಮುಖವಾಗಿ 30 ಸೆಂಟಿಮೀಟರ್ ಮಡಚಬೇಕು. ಹೆಗ್ಗಣ ಗೋಡೆಗೆ ಒತ್ತಿಕೊಂಡು ಕೆಳಗೆ ತೋಡುತ್ತದೆ. ಮಡಚಿದ ಜಾಲರಿ ಸಿಕ್ಕಿದಾಗ ಹಿಂದೆ ಸರಿದು ದೂರದಿಂದ ತೋಡುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಗುಂಡಿಯನ್ನು ಮತ್ತೆ ಎರೆ ಮಣ್ಣಿನಿಂದ ಮುಚ್ಚಬಾರದು. ತಳಕ್ಕೆ ಗರಸು ಹಾಕಿ ನೀರು ಹೊಡೆದು ದಮ್ಮಸು ಮಾಡಿ, ಮೇಲಿನ 15–20 ಸೆಂಟಿಮೀಟರಿಗೆ ಒಂದು ಇಂಚಿನ ಖಡಿ ತುಂಬಿದರೆ, ಗರಸು ಎರೆಯಂತೆ ಉಬ್ಬುವುದಿಲ್ಲ, ಸಡಿಲ ಖಡಿಯಲ್ಲಿ ಬಿಲ ನಿಲ್ಲುವುದಿಲ್ಲ, ಮಾಡಿನ ನೀರು ಬಿದ್ದು ಕೆಸರು ಸಿಡಿಯುವುದೂ ತಪ್ಪುತ್ತದೆ. ಖಡಿ ಬಿದ್ದ ಪಟ್ಟಿಯಲ್ಲಿ ಹೊಸ ಮಣ್ಣು ಕಂಡರೆ ಯಾರೋ ತೋಡುತ್ತಿದ್ದಾರೆ ಎಂದು ದೂರದಿಂದಲೇ ತಿಳಿಯುತ್ತದೆ.

ಮಲೆನಾಡಿನ ಅಂಚಿಗೆ ಹೋದಂತೆ, ಕಲಘಟಗಿ ಹಾಗೂ ಹಾನಗಲ್ಲಿನ ಕಡೆ, ನೆಲದ ಬಿರಿತ ಕಡಿಮೆಯಾಗಿ ಮಳೆ ಹೆಚ್ಚುತ್ತದೆ. ಅಲ್ಲಿ ಬುಡದ ಶತ್ರು ತೇವ. ತಗಡಿನ ಅಂಚು ನೇರವಾಗಿ ಹಸಿ ಮಣ್ಣಿಗೆ ತಾಗಿದ್ದರೆ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಜರಡಿಯಾಗುತ್ತದೆ; ಒಳಗೆ ಯೂರಿಯಾ ಅಥವಾ ಡಿಎಪಿ ಚೀಲಗಳು ಗೋಡೆಗೆ ಆತುಕೊಂಡಿದ್ದರೆ ಇನ್ನೂ ಬೇಗ. ಆದ್ದರಿಂದ ಹೊಸ ಶೆಡ್ಡು ಕಟ್ಟಿಸುವವರು ಎಲ್ಲಿಯೇ ಇರಲಿ, ತಗಡನ್ನು ನೆಲದವರೆಗೆ ಇಳಿಸದೆ, ಕನಿಷ್ಠ ಒಂದು ಅಡಿ ಎತ್ತರದ ಇಟ್ಟಿಗೆ ಅಥವಾ ಕಾಂಕ್ರೀಟಿನ ಕಟ್ಟೆಯ ಮೇಲೆ ನಿಲ್ಲಿಸಿ, ಅಂಚು ಕಟ್ಟೆಯ ಹೊರಬದಿಗೆ ನಾಲ್ಕು ಬೆರಳಿನಷ್ಟು ಇಳಿಬೀಳುವಂತೆ ಮಾಡಿಸಬೇಕು. ಗೌಂಡಿಯ ಒಂದೆರಡು ದಿನದ ಕೂಲಿ ಉಳಿಸಲು ಇದನ್ನು ಬಿಟ್ಟವರು ಮುಂದೆ ಹತ್ತು ವರ್ಷ ಬುಡದ ಚಿಂತೆಯಲ್ಲೇ ಇರುತ್ತಾರೆ.

ಈಗ ಮೇಲಿನ ಅಂಚು. ಅಲೆಅಲೆಯಾದ ತಗಡು ಪರ್ಲಿನ್ ಅಥವಾ ಗೋಡೆಯ ನೇರ ಮೇಲ್ಮೈಯ ಮೇಲೆ ಕುಳಿತಾಗ ಪ್ರತಿ ಅಲೆಯ ಉಬ್ಬಿನಡಿ ಒಂದೊಂದು ಕಿಂಡಿ ಉಳಿಯುತ್ತದೆ. ಸಾಮಾನ್ಯ ತಗಡಿನಲ್ಲಿ ಅಲೆಯಿಂದ ಅಲೆಗೆ ಸುಮಾರು 76 ಮಿಲಿಮೀಟರ್, ಅಲೆಯ ಎತ್ತರ ಸುಮಾರು 18 ಮಿಲಿಮೀಟರ್. ಇಪ್ಪತ್ತು ಅಡಿ ಉದ್ದದ ಒಂದು ಗೋಡೆಯ ಮೇಲೆ ಇಂಥ ಕಿಂಡಿಗಳು ಎಂಬತ್ತರಷ್ಟು ಇರುತ್ತವೆ. ಎದುರು ಗೋಡೆಯಲ್ಲಿ ಇನ್ನೆಂಬತ್ತು, ನೆತ್ತಿಯ ಎರಡೂ ಬದಿಗೆ ಮತ್ತೆ ಅಷ್ಟೇ. ಬಾಗಿಲಿಗೆ ಎರಡು ಬೀಗ ಹಾಕಿ ಮುನ್ನೂರು ಕಿಂಡಿಗಳನ್ನು ತೆರೆದಿಟ್ಟಿರುವ ಶೆಡ್ಡುಗಳು ಪ್ರತಿ ಊರಿನಲ್ಲೂ ಇವೆ. ಈಚಿನ ಬಣ್ಣದ ತಗಡುಗಳಲ್ಲಿ ಉಬ್ಬುಗಳು ಕಡಿಮೆ, ಆದರೆ ಒಂದೊಂದೂ ದೊಡ್ಡದು; ಅಲ್ಲಿ ಚಿಟ್ಟಿಲಿಯಷ್ಟೇ ಅಲ್ಲ, ಬೆಳೆದ ಇಲಿಯೂ ಬರುತ್ತದೆ.

ಈ ಕಿಂಡಿಗಳಿಗೆ ಅದೇ ಅಲೆಯ ಆಕಾರಕ್ಕೆ ಕತ್ತರಿಸಿದ ಫೋಮಿನ ಪಟ್ಟಿಗಳು ಸಿಗುತ್ತವೆ. ಧೂಳು, ಮಳೆಯ ಎರಚಲು, ಜೇನು, ಕುಟುಕುವ ಕಣಜದ ಹುಳು ಇವುಗಳಿಗೆ ಅವು ಸಾಕು. ಇಲಿಗೆ ಸಾಲವು, ಅದು ಫೋಮನ್ನು ಕಡಿದು ಗೂಡಿಗೆ ಮೆತ್ತೆಯಾಗಿ ಹಾಸಿಕೊಳ್ಳುತ್ತದೆ. ಡಬ್ಬಿಯಿಂದ ಉಬ್ಬಿ ಬರುವ ಪಾಲಿಯುರಿಥೇನ್ ಫೋಮಿನ ಗತಿಯೂ ಇದೇ, ಜೊತೆಗೆ ಬಿಸಿಲಿಗೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಫೋಮಿನ ಪಟ್ಟಿಯನ್ನು ಮೊದಲು ಕೂರಿಸಿ, ಅದರ ಮುಂದೆ ವೆಲ್ಡ್ ಮೆಶ್ ಜಾಲರಿಯ ಪಟ್ಟಿಯನ್ನೋ ಅಥವಾ ಅಲೆಯ ಆಕಾರಕ್ಕೆ ಕತ್ತರಿಸಿದ ತಗಡಿನ ಫ್ಲಾಶಿಂಗನ್ನೋ (ಸಂದು ಮುಚ್ಚುವ ಪಟ್ಟಿ) ಸ್ಕ್ರೂ ಹಾಕಿ ಬಿಗಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ: ಫೋಮು ಹುಳುವನ್ನು ನಿಲ್ಲಿಸುತ್ತದೆ, ಉಕ್ಕು ಹಲ್ಲನ್ನು ನಿಲ್ಲಿಸುತ್ತದೆ. ಫ್ಲಾಶಿಂಗ್ ಕತ್ತರಿಸಲು ಗ್ರೈಂಡರ್ ಬಳಸದೆ ತಗಡು ಕತ್ತರಿಯನ್ನೇ ಬಳಸಬೇಕು. ಗ್ರೈಂಡರಿನ ಶಾಖ ಅಂಚಿನ ಸತುವಿನ ಲೇಪವನ್ನು ಸುಡುತ್ತದೆ, ಅದರಿಂದ ಹಾರುವ ಕಬ್ಬಿಣದ ಕಿಡಿಗಳು ಸುತ್ತಲಿನ ತಗಡಿಗೆ ಅಂಟಿ ಚುಕ್ಕೆಚುಕ್ಕೆಯಾಗಿ ತುಕ್ಕು ಹಿಡಿಸುತ್ತವೆ.

ಸಿಮೆಂಟು ಇಲ್ಲಿ ಏಕೆ ನಿಲ್ಲದು ಎಂಬುದಕ್ಕೆ ಲೆಕ್ಕವಿದೆ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. ಜನವರಿಯ ಮುಂಜಾವಿನಲ್ಲಿ 15 ಡಿಗ್ರಿ ಇದ್ದ ತಗಡು ಏಪ್ರಿಲ್ ತಿಂಗಳ ಮಧ್ಯಾಹ್ನ 60 ಡಿಗ್ರಿಗೆ ಏರಿತು ಎಂದುಕೊಂಡರೆ, 6 ಮೀಟರ್ ಉದ್ದದ ಹಾಳೆ 3 ಮಿಲಿಮೀಟರಿಗೂ ತುಸು ಹೆಚ್ಚು ಬೆಳೆದಿರುತ್ತದೆ. ಒಂದೇ ಬೇಸಿಗೆಯ ದಿನದಲ್ಲೂ ಹಗಲು ರಾತ್ರಿಗಳ ನಡುವೆ ಇದರ ಒಂದು ದೊಡ್ಡ ಪಾಲು ನಡೆದುಹೋಗುತ್ತದೆ. ಸಂಜೆ ಶೆಡ್ಡು ಟಕ್ ಟಕ್ ಎನ್ನುವ ಸದ್ದು ಅದರದ್ದೇ. ಈ ಓಡಾಟಕ್ಕೆ ಹೊಂದಿಕೊಂಡು ಬಳುಕುವ ಗುಣ ಸಿಮೆಂಟಿಗಿಲ್ಲ, ಹಾಗಾಗಿ ಅದು ತಗಡಿನಿಂದ ಬಿಟ್ಟುಕೊಂಡು ಕೂದಲೆಳೆಯ ಸಂದು ಮಾಡುತ್ತದೆ, ಆಮೇಲೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮೇಲಾಗಿ ಹಸಿ ಸಿಮೆಂಟಿನ ಕ್ಷಾರ ಸತುವಿನ ಲೇಪವನ್ನು, ವಿಶೇಷವಾಗಿ ಅಲ್ಯೂಮಿನಿಯಂ ಬೆರೆತ ಲೇಪವನ್ನು, ತಿನ್ನುತ್ತದೆ.

ಇಂಥ ಜಾಗಕ್ಕೆ ಬಳುಕುವ ಸೀಲಂಟ್, ಅಂದರೆ ಸಂದು ತುಂಬುವ ಅಂಟು, ಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಸಿಲಿಕೋನ್ ಬಹಳಷ್ಟು ಸಲ ಒಣಗುವಾಗ ಹುಳಿ ವಾಸನೆ ಬಿಡುವ ಬಗೆಯದ್ದಾಗಿರುತ್ತದೆ. ಆ ವಾಸನೆ ಅಸಿಟಿಕ್ ಆಮ್ಲದ್ದು, ಮತ್ತು ಅದು ಸತುವನ್ನು ಕೊರೆಯುತ್ತದೆ. ಗಾಜಿಗೆ ಒಳ್ಳೆಯದಾದ ಆ ಸಿಲಿಕೋನ್ ತಗಡಿಗೆ ತಕ್ಕದ್ದಲ್ಲ. ಟ್ಯೂಬಿನ ಮೇಲೆ ನ್ಯೂಟ್ರಲ್ ಎಂದು ಬರೆದಿರುವ ಸಿಲಿಕೋನನ್ನು ಅಥವಾ ಪಾಲಿಯುರಿಥೇನ್ ಸೀಲಂಟನ್ನು ಕೇಳಿ ಕೊಳ್ಳಬೇಕು. ಹಚ್ಚುವ ಮೊದಲು ಧೂಳು, ಎಣ್ಣೆ, ತುಕ್ಕಿನ ಹೊಪ್ಪಳೆ ಪೂರ್ತಿ ಹೋಗಿರಬೇಕು. ನಮ್ಮ ಕಡೆಯ ಗಾಳಿಯಲ್ಲಿ ಬೆಳಿಗ್ಗೆ ಒರೆಸಿದ ತಗಡಿನ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಧೂಳು ಕೂತಿರುತ್ತದೆಯಾದ್ದರಿಂದ ಒರೆಸಿದೊಡನೆ ಹಚ್ಚುವುದು ಮೇಲು. ಹೊತ್ತೇರಿದ ಮೇಲೆ ಕಾದ ತಗಡಿನ ಮೇಲೆ ಹಚ್ಚಿದರೆ ಹೊರಪದರ ಬೇಗ ಕಟ್ಟಿ ಒಳಗೆ ಗುಳ್ಳೆ ಉಳಿಯುತ್ತದೆ. ಬೆಳಗಿನ ಹೊತ್ತು ಸರಿಯಾದದ್ದು. ಸೀಲಂಟನ್ನೂ ಇಲಿ ಕಡಿಯಬಲ್ಲದು. 6 ಮಿಲಿಮೀಟರಿಗಿಂತ ಅಗಲದ ಸಂದಿಗೆ ಮೊದಲು ತುಕ್ಕು ಹಿಡಿಯದ ಉಕ್ಕಿನ ಜುಂಗನ್ನು ಬಿಗಿಯಾಗಿ ತುರುಕಿ, ಅದರ ಮೇಲೆ ಸೀಲಂಟ್ ಎಳೆಯಬೇಕು. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲಿನ ಜುಂಗು ನಡೆಯುತ್ತದೆ. ಸಾಮಾನ್ಯ ಉಕ್ಕಿನ ಜುಂಗು ಒಂದೇ ಮಳೆಗಾಲಕ್ಕೆ ಪುಡಿಯಾಗುತ್ತದೆ, ತಾಮ್ರದ ಜಾಲರಿ ಸತುವಿಗೆ ತಾಗಿ ತೇವವಾದರೆ ಸತುವನ್ನೇ ತಿಂದುಹಾಕುತ್ತದೆ.

ಹಾಳೆಯ ಮೇಲೆ ಹಾಳೆ ಕೂರುವ ಜಾಗದಲ್ಲಿ ಸಂದು ಕಾಣದಿದ್ದರೂ ಗಾಳಿಗೆ ಅಂಚು ಎದ್ದು ಬೀಳುತ್ತಿರುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಪಡುವಣ ಗಾಳಿಯೇ ಗದಗಿನ ಶೆಡ್ಡುಗಳ ಮೇಲೂ ಬೀಸುವುದರಿಂದ, ಮೇಲಿನ ಹಾಳೆಯ ಅಂಚು ಗಾಳಿಗೆ ಬೆನ್ನು ಮಾಡಿರುವಂತೆ ಹೊದಿಸಬೇಕು ಮತ್ತು ಅಂಚಿನುದ್ದಕ್ಕೂ ಅಡಿಗೊಂದರಂತೆ ಸ್ಕ್ರೂ ಬಿಗಿಯಬೇಕು. ಸ್ಕ್ರೂವಿನ ರಬ್ಬರ್ ವಾಷರ್‌ಗಳು ಬಿಸಿಲಿಗೆ ಗಟ್ಟಿಯಾಗಿ ಒಡೆದಿದ್ದರೆ ಬದಲಿಸುವುದು ಒಳ್ಳೆಯದು.

ಬಾಗಿಲು ಮನುಷ್ಯ ದಿನವೂ ತೆರೆಯುವ ಸಂದು, ಹಾಗಾಗಿ ಅದರ ಬಂದೋಬಸ್ತು ಉಳಿದೆಲ್ಲಕ್ಕಿಂತ ಕಷ್ಟದ್ದು. ನೆಲಕ್ಕೂ ಬಾಗಿಲಿಗೂ ನಡುವೆ 6 ಮಿಲಿಮೀಟರಿಗಿಂತ ಕಡಿಮೆ ಅಂತರ ಉಳಿಯಬೇಕಾದರೆ ಕೆಳಗೆ ಸಮತಟ್ಟಾದ ಹೊಸ್ತಿಲು ಬೇಕು. ಉಬ್ಬುತಗ್ಗಿನ ನೆಲದ ಮೇಲೆ ಎಂಥ ರಬ್ಬರ್ ಪಟ್ಟಿಯೂ ಕೂರುವುದಿಲ್ಲ. ಕಾಂಕ್ರೀಟಿನಲ್ಲಿ ಹೂತ ಎಲ್ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಹೊಸ್ತಿಲಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಗಿಲು ಕಟ್ಟಿಗೆಯದ್ದಾದರೆ ಅದರ ಕೆಳಗಿನ 30 ಸೆಂಟಿಮೀಟರಿಗೆ ಎರಡೂ ಬದಿ ತಗಡು ಬಡಿಯಬೇಕು. ರೋಲಿಂಗ್ ಶಟರ್ ಇದ್ದವರು ಕೆಳ ಅಂಚನ್ನಷ್ಟೇ ನೋಡುತ್ತಾರೆ. ಇಲಿ ಪಕ್ಕದ ಕಂಬಿಯ ಕೊನೆಯಿಂದಲೋ ಮೇಲೆ ಶಟರ್ ಸುತ್ತಿಕೊಳ್ಳುವ ಡೊಳ್ಳಿನ ಸುತ್ತಲಿನ ಖಾಲಿ ಜಾಗದಿಂದಲೋ ಬರುತ್ತದೆ. ಆ ಡೊಳ್ಳಿಗೆ ತಗಡಿನ ಪೆಟ್ಟಿಗೆ ಮಾಡಿಸಿ ಮುಚ್ಚದೆ ಶಟರ್ ಶೆಡ್ಡು ಇಲಿಗೆ ಭದ್ರವಾಗುವುದಿಲ್ಲ. ಬ್ರಶ್ಶಿನ ಪಟ್ಟಿ ಹುಳುವಿಗೂ ಧೂಳಿಗೂ ಒಳ್ಳೆಯ ತಡೆ. ಇಲಿಗೆ ಅದರೊಳಗೆ ಉಕ್ಕಿನ ಎಳೆ ಸೇರಿರಬೇಕು.

ಇನ್ನು ಸಣ್ಣಪುಟ್ಟವು. ಪೈಪು, ಕೇಬಲ್ಲು ಗೋಡೆ ದಾಟುವಲ್ಲಿ ತಗಡಿನ ಕಾಲರ್ ಹಾಕಿ ಸ್ಕ್ರೂ ಬಿಗಿಯಬೇಕು. ಸ್ಟಾರ್ಟರಿಗೆ ಹೋಗುವ ವೈರನ್ನು ಕಬ್ಬಿಣದ ಪೈಪಿನೊಳಗೆ ಒಯ್ದರೆ ಇಲಿ ಕಡಿದು ಶಾರ್ಟ್ ಆಗುವ ಅಪಾಯವೂ ತಪ್ಪುತ್ತದೆ. ಬಹಳ ಜನರ ಕಣ್ಣಿಗೆ ಬೀಳದ ಒಂದು ಜಾಗವೆಂದರೆ ಚೌಕಟ್ಟಿನ ಚೌಕ ಪೈಪುಗಳ ತೆರೆದ ಬಾಯಿ. ಹೊರಗೊಂದು ಬಾಯಿ, ಒಳಗೊಂದು ಬಾಯಿ ಇದ್ದರೆ ಅದು ಚಿಟ್ಟಿಲಿಗೆ ಸುರಂಗ. ಒಂದೇ ಬಾಯಿ ಇದ್ದರೆ ಕಣಜದ ಹುಳುವಿಗೆ ಗೂಡು. ವೆಲ್ಡಿಂಗ್ ಮಾಡುವವರಿಗೆ ಮೊದಲೇ ಹೇಳಿದರೆ ತುಂಡು ತಗಡು ಇಟ್ಟು ಬೆಸುಗೆ ಹಾಕಿಕೊಡುತ್ತಾರೆ.

ಇಷ್ಟೆಲ್ಲ ಮುಚ್ಚಿದ ಮೇಲೆ ಶೆಡ್ಡಿಗೆ ಗಾಳಿ ಎಲ್ಲಿಂದ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಇದನ್ನು ಕಡೆಗಣಿಸಿದವರ ಕಾಳು ಇಲಿಯಿಂದ ಉಳಿದು ಬೂಸಲಿಗೆ ಬಲಿಯಾಗುತ್ತದೆ. ಚಳಿಗಾಲದ ನಿರ್ಮಲ ರಾತ್ರಿಯಲ್ಲಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ಹೆಚ್ಚು ತಣ್ಣಗಾಗುತ್ತದೆ. ಒಳಗಿನ ಗಾಳಿಯಲ್ಲಿದ್ದ ತೇವ, ಅದರಲ್ಲೂ ಪೂರ್ತಿ ಒಣಗದ ಗೋವಿನಜೋಳದಿಂದ ಎದ್ದ ತೇವ, ತಗಡಿನ ಒಳಮೈಗೆ ತಾಗಿ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಇದನ್ನು ಮಾಡು ಸೋರುತ್ತಿದೆ ಎಂದು ಭಾವಿಸಿ ಮತ್ತಷ್ಟು ಸೀಲಂಟ್ ಹಚ್ಚಿದರೆ ತೊಂದರೆ ಹೆಚ್ಚುತ್ತದೆ.

ಆದ್ದರಿಂದ ಗೋಡೆಯ ಕೆಳಭಾಗದಲ್ಲೊಂದು, ಎದುರು ಗೋಡೆಯ ಮೇಲ್ಭಾಗದಲ್ಲೊಂದು ಕಿಂಡಿಯನ್ನು ಉದ್ದೇಶಪೂರ್ವಕವಾಗಿ ಬಿಡಬೇಕು. ಬಿಸಿ ಗಾಳಿ ಮೇಲಿನಿಂದ ಹೊರಟಂತೆ ಕೆಳಗಿನಿಂದ ತಂಪು ಗಾಳಿ ಬರುತ್ತದೆ. ಕಿಂಡಿಗೆ ಹೊರಗಡೆ 6 ಮಿಲಿಮೀಟರ್ ವೆಲ್ಡ್ ಮೆಶ್ ಬಿಗಿದು, ಒಳಗಡೆ ಬಿಚ್ಚಿ ತೊಳೆಯಲು ಬರುವ ಚೌಕಟ್ಟಿನಲ್ಲಿ ಸೊಳ್ಳೆ ಜಾಲರಿ ಕೂರಿಸಬೇಕು. ಎರಡು ಪದರ ಬೇಕೇ ಬೇಕು: ದಪ್ಪ ಜಾಲರಿ ಹುಳುವನ್ನು ತಡೆಯದು, ಸೊಳ್ಳೆ ಜಾಲರಿ ಹಲ್ಲನ್ನು ತಡೆಯದು. ಸೊಳ್ಳೆ ಜಾಲರಿ ಗಾಳಿಯನ್ನೂ ಗಣನೀಯವಾಗಿ ಕಡಿಮೆ ಮಾಡುವುದರಿಂದ ಕಿಂಡಿಯನ್ನು ಬೇಕೆನಿಸಿದ್ದಕ್ಕಿಂತ ದೊಡ್ಡದಾಗಿಯೇ ಇಡಿಸಬೇಕು. ಹುಬ್ಬಳ್ಳಿಯ ರಸ್ತೆ ಬದಿಯ ಧೂಳಿನಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಮೆತ್ತನೆಯ ಬ್ರಶ್ಶಿನಿಂದ ಆಗಾಗ ಉಜ್ಜದಿದ್ದರೆ ಕಿಂಡಿ ಇದ್ದೂ ಇಲ್ಲದಂತೆ.

ಹುಳುಗಳ ವಿಷಯದಲ್ಲಿ ಜಾಲರಿಯ ಮಿತಿಯನ್ನು ಅರಿತಿರಬೇಕು. ಜಿರಲೆ, ಸೊಳ್ಳೆ, ಕುಟುಕುವ ಕಣಜದ ಹುಳುವಿಗೆ ಅದು ಸಾಕಾಗುತ್ತದೆ. ಒಂದೂವರೆ ಮಿಲಿಮೀಟರೂ ಅಗಲವಿಲ್ಲದ ನುಸಿಗಳು ಸಾಮಾನ್ಯ ಸೊಳ್ಳೆ ಜಾಲರಿಯಲ್ಲೂ ನುಸುಳಬಲ್ಲವು. ಅದಕ್ಕಿಂತ ಮುಖ್ಯವಾದದ್ದು ಅವು ಬರುವ ದಾರಿ. ಹೆಸರು, ಕಡಲೆ, ಅಲಸಂದೆ, ತೊಗರಿಗೆ ಬೀಳುವ ದುಂಬಿ ಎಷ್ಟೋ ಸಲ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಮರಿ ಕಾಳಿನೊಳಗೆ ಬೆಳೆದು, ಚೀಲ ಶೆಡ್ಡು ಸೇರಿದ ಮೇಲೆ ದುಂಡನೆಯ ತೂತು ಮಾಡಿಕೊಂಡು ಹೊರಬರುತ್ತದೆ. ಜೋಳ, ಗೋವಿನಜೋಳದ ಮೂತಿಹುಳವೂ ಹಳೆಯ ಚೀಲದ ಹೊಲಿಗೆಯಲ್ಲಿ, ಕಳೆದ ವರ್ಷದ ಉದುರುಕಾಳಿನಲ್ಲಿ ಕಾದಿರುತ್ತದೆ. ಒಣಮೆಣಸಿನಕಾಯಿಗೆ ಬೀಳುವ ಸಣ್ಣ ಕಂದು ದುಂಬಿಯದೂ ಇದೇ ಕತೆ, ಬ್ಯಾಡಗಿಯ ಕಡೆ ಕಾಯಿಯನ್ನು ಬಹುದಿನ ಇಡಬೇಕಾದವರು ಶೀತಲಗೃಹಕ್ಕೆ ಒಯ್ಯುವುದರ ಹಿಂದೆ ಬಣ್ಣ ಉಳಿಸುವುದರ ಜೊತೆಗೆ ಈ ಕಾರಣವೂ ಇದೆ. ಶೆಡ್ಡನ್ನು ಎಷ್ಟು ಬಿಗಿದರೂ ಒಳಗೆ ಹೊತ್ತು ತಂದ ಹುಳುವಿಗೆ ಅದರಿಂದ ಬಾಧೆಯಿಲ್ಲ.

ಇಲ್ಲಿ ನಮ್ಮ ಹಿರಿಯರ ಹಗೇವು ನೆನಪಾಗಬೇಕು. ನೆಲದಲ್ಲಿ ತೋಡಿದ ಆ ಕಣಜಕ್ಕೆ ಒಣಹುಲ್ಲು ಹಾಸಿ, ಜೋಳ ತುಂಬಿ, ಬಾಯಿಯನ್ನು ಹುಲ್ಲು ಮಣ್ಣುಗಳಿಂದ ಮುಚ್ಚಿದ ಮೇಲೆ, ಕಾಳು ಮತ್ತು ಹುಳುಗಳ ಉಸಿರಾಟವೇ ಒಳಗಿನ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತಿತ್ತು; ಹುಳು ಸಾಯುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಇಳಿಯದೆ ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದುದೂ ಅದಕ್ಕೇ. ಅಂದರೆ ಗಾಳಿಬಿಗಿ ಬೇಕಾದದ್ದು ಕಾಳಿರುವ ಪಾತ್ರೆಗೆ, ಶೆಡ್ಡಿಗಲ್ಲ. ಇದೇ ತತ್ತ್ವದ ಮೂರು ಪದರದ ಚೀಲಗಳನ್ನು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನಿನಲ್ಲಿ ಅಲಸಂದೆಗಾಗಿ ರೂಪಿಸಲಾಯಿತು. ಒಳಗೆ ಎರಡು ಪಾಲಿಥೀನ್ ಚೀಲ, ಹೊರಗೊಂದು ನೇಯ್ದ ಚೀಲ. ಗಾಳಿಬಿಗಿ ಚೀಲಗಳು ಈಗ ನಮ್ಮಲ್ಲೂ ಸಿಗುತ್ತವೆ. ತುಂಬುವ ಮೊದಲು ಜೋಳ, ಗೋವಿನಜೋಳದ ತೇವಾಂಶ ಶೇಕಡಾ 12ಕ್ಕೆ, ಬೇಳೆಕಾಳಿನದು ಶೇಕಡಾ 9–10ಕ್ಕೆ ಇಳಿದಿರಬೇಕು. ಹಸಿ ಕಾಳನ್ನು ಗಾಳಿಬಿಗಿ ಮಾಡಿದರೆ ಮುಗ್ಗುತ್ತದೆ. ಇಂಥ ಚೀಲಕ್ಕೆ ಇಲಿ ಒಂದು ತೂತು ಮಾಡಿದರೂ ಅದು ಬರೀ ಚೀಲವಾಗಿಬಿಡುವುದರಿಂದ, ಇಲಿಗೆ ಭದ್ರವಾದ ಶೆಡ್ಡು ಮತ್ತು ಹುಳುವಿಗೆ ಭದ್ರವಾದ ಚೀಲ ಒಂದನ್ನೊಂದು ಕಾಯುತ್ತವೆ.

ಗೆದ್ದಲು ತಗಡನ್ನು ತಿನ್ನದಿದ್ದರೂ ಅದರ ಮೇಲೆ ಮಣ್ಣಿನ ಓಣಿ ಕಟ್ಟಿಕೊಂಡು ಒಳಗಿನ ಕಟ್ಟಿಗೆ, ಗೋಣಿಚೀಲಗಳನ್ನು ಮುಟ್ಟುತ್ತದೆ. ಚೀಲಗಳನ್ನು ನೆಲದಿಂದ 15 ಸೆಂಟಿಮೀಟರ್ ಎತ್ತರಕ್ಕೆ, ಗೋಡೆಯಿಂದ ಎರಡು ಅಡಿ ದೂರಕ್ಕೆ ಇಟ್ಟರೆ ಆ ಓಣಿಗಳು ಕಣ್ಣಿಗೆ ಬೀಳುತ್ತವೆ, ಇಲಿಗೆ ಅಡಗುವ ಜಾಗವೂ ಇರುವುದಿಲ್ಲ.

ಮಾತ್ರೆ ಇಟ್ಟು ಹೊಗೆ ಹಾಕಿಸುವ ಯೋಚನೆ ಬೇಡ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹೊರಡುವ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ, ಅದನ್ನು ಬಳಸಬೇಕಾದವರು ಪರವಾನಗಿ ಪಡೆದ ತಜ್ಞರು ಮಾತ್ರ, ಮತ್ತು ಪತ್ರಾಸ್ ಶೆಡ್ಡಿನಲ್ಲಿ ಆ ಅನಿಲ ಹುಳು ಸಾಯುವಷ್ಟು ಹೊತ್ತು ನಿಲ್ಲುವುದೂ ಇಲ್ಲ. ಮನೆಗೆ ಹೊಂದಿಕೊಂಡ ಶೆಡ್ಡಾದರೆ ಮಲಗುವ ಕೋಣೆಗೆ ನುಗ್ಗುತ್ತದೆ. ಇಲಿ ಪಾಷಾಣವೂ ಮುಚ್ಚಿದ ಶೆಡ್ಡಿಗೆ ಹೊಂದುವುದಿಲ್ಲ, ತಿಂದ ಇಲಿ ಕೈಗೆಟುಕದ ಮೂಲೆಯಲ್ಲಿ ಸತ್ತು ನಾರುತ್ತದೆ, ಪಾಷಾಣ ತಿಂದ ಇಲಿಯನ್ನು ತಿಂದ ಗೂಬೆಯೂ ಬೆಕ್ಕೂ ಸಾಯಬಹುದು. ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳ ಮೇಲೆ ನನಗೆ ಭರವಸೆಯಿಲ್ಲ. ಇಲಿಗಳು ಅದಕ್ಕೆ ಬೇಗ ಒಗ್ಗಿಕೊಳ್ಳುತ್ತವೆ. ಅದೇ ಹಣಕ್ಕೆ ಬರುವ ಜಾಲರಿ ಎಷ್ಟೋ ಪಾಲು ಮೇಲು. ಶೆಡ್ಡಿನ ಸುತ್ತ ಒಂದು ಮೀಟರ್ ಕಸಕಡ್ಡಿ ಇಲ್ಲದೆ ಬಯಲಾಗಿರಿಸಿ, ಮಾಡಿನ ಮೇಲೆ ಬಾಗಿದ ಟೊಂಗೆ ಕಡಿದು, ಕಣಿಕೆಯ ಬಣವೆಯನ್ನು ದೂರ ಸರಿಸುವುದು ಖರ್ಚಿಲ್ಲದ ಕೆಲಸ. ಹಾವು ಬರುವುದೂ ಇಲಿಯನ್ನು ಹುಡುಕಿಕೊಂಡೇ. ಇಲಿಯ ದಾರಿ ಮುಚ್ಚಿದರೆ ಅದರ ದಾರಿಯೂ ಬಹುಮಟ್ಟಿಗೆ ಮುಚ್ಚುತ್ತದೆ.

ಮುಚ್ಚುವ ಕ್ರಮದಲ್ಲಿ ಒಂದು ಎಚ್ಚರ ಬೇಕು. ಎಲ್ಲ ಸಂದುಗಳನ್ನೂ ಒಂದೇ ದಿನ ಮುಚ್ಚಿದರೆ ಹಗಲು ಒಳಗೆ ಮಲಗಿದ್ದ ಇಲಿಗಳು ಒಳಗೇ ಉಳಿಯುತ್ತವೆ. ಮೊದಲು ಚೀಲಗಳನ್ನೆಲ್ಲ ಹೊರಗೆ ತಂದು, ಒಳಗೆ ಹಾವು ಚೇಳು ಇಲ್ಲವೆಂದು ಖಚಿತಪಡಿಸಿಕೊಂಡು, ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿ, ಬ್ಲೀಚಿಂಗ್ ಪುಡಿಯ ನೀರಿನಿಂದ ತೋಯಿಸಿ ಒರೆಸಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಆಮೇಲೆ ಬುಡ, ಸೂರು, ನೆತ್ತಿ, ಪೈಪುಗಳನ್ನು ಮುಗಿಸಿ, ಹೆಚ್ಚು ಓಡಾಟವಿರುವ ಒಂದೇ ಕಿಂಡಿಯನ್ನು ಉಳಿಸಿ, ಅದರ ಬಳಿ ಗೋಡೆಗುಂಟ ಬೋನುಗಳನ್ನಿಟ್ಟು ಬೂದಿ ಉದುರಿಸಬೇಕು. ಸತತವಾಗಿ ಕೆಲವು ರಾತ್ರಿ ಬೂದಿಯ ಮೇಲೆ ಹೆಜ್ಜೆ ಮೂಡದಿದ್ದರೆ ಆ ಕಿಂಡಿಯನ್ನೂ ಮುಚ್ಚಿ, ಬೋನುಗಳನ್ನು ಇನ್ನೆರಡು ವಾರ ಅಲ್ಲೇ ಬಿಡಬೇಕು.

ಕೆಲಸದ ಪರೀಕ್ಷೆಗೆ ನಡುಹಗಲಿನಲ್ಲಿ ಬಾಗಿಲು ಹಾಕಿಕೊಂಡು ಒಳಗೆ ನಿಂತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಬೆಳಕು ಎಲ್ಲೆಲ್ಲಿ ಇಣುಕುತ್ತದೆ ಎಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಬೇಕು. ನೆಲಮಟ್ಟದ ಸಂದುಗಳು ಹೀಗೆ ಕಾಣದಿದ್ದರೆ ರಾತ್ರಿ ಒಳಗೆ ದೀಪ ಹಚ್ಚಿಟ್ಟು ಹೊರಗಿನಿಂದ ಬಗ್ಗಿ ನೋಡಬೇಕು. ಇದನ್ನು ವರ್ಷಕ್ಕೆ ಎರಡು ಸಲ, ಮುಂಗಾರಿನ ಮೊದಲ ಗಾಳಿಮಳೆ ನಿಂತ ಮೇಲೊಮ್ಮೆ ಮತ್ತು ಗೋವಿನಜೋಳದ ರಾಶಿಗೆ ಮುಂಚೆ ಒಮ್ಮೆ, ಮಾಡಿದರೆ ಸಾಕು. ಎರೆ ಭೂಮಿಯವರು ಮಾತ್ರ ಮಾರ್ಚ್ ತಿಂಗಳಲ್ಲಿ, ನೆಲ ಬಿರಿಯಲು ತೊಡಗಿದಾಗ, ಬುಡವನ್ನು ಇನ್ನೊಮ್ಮೆ ಸುತ್ತಿ ನೋಡಬೇಕು.